ಪೇಟೆಗೆ ಹೋಗುವುದಕ್ಕೊಂದು ನೆಪ

ಬದಿಯಡ್ಕದಿಂದ ಒಳಕ್ಕೆ ಆರು ಕಿಲೋಮೀಟರು ದೂರದ ನಮ್ಮ ಊರಿಗೆ ದಿನಾಲೂ ಬರುತ್ತಿದ್ದ ಹನ್ನೊಂದು ಗಂಟೆಯ ಬಸ್ಸು ನಿಂತು ಎರಡು ವರ್ಷವಾಯಿತು. ಬೆಳಗ್ಗೆ ಏಳೂವರೆಯದೂ ಸಂಜೆ ಐದೂಕಾಲರದೂ ಈಗಲೂ ಇವೆ. ಅವು ಶಾಲೆ, ಕಾಲೇಜು, ಕೆಲಸಕ್ಕೆ ಹೋಗುವವರ ಬಸ್ಸುಗಳು. ನಡುವಿನದು ಮಾತ್ರ ನಿಂತಿತು. ಕಾರಣ ಕೇಳೋಣವೆಂದು ಬದಿಯಡ್ಕ ಪೇಟೆಯಲ್ಲಿ ಸಿಕ್ಕಿದ ಬಸ್ಸಿನ ಯಜಮಾನರನ್ನು ನಿಲ್ಲಿಸಿದೆ. ಒಂದು ಕಾಲದಲ್ಲಿ ನನ್ನ ತರಗತಿಯ ಹಿಂದಿನ ಬೆಂಚಿನಲ್ಲಿ ಕುಳಿತವರು. ಈಗ ಅವರ ಮೀಸೆಯೂ ನೆರೆತಿದೆ.

"ಮಾಷ್ಟ್ರೇ, ಹನ್ನೊಂದು ಗಂಟೆಗೆ ಹೋಗುವವರು ಯಾರಿದ್ದಾರೆ, ನೀವೇ ಹೇಳಿ. ಮೊದಲೆಲ್ಲ ಮನೆಯ ಕೆಲಸ ಮುಗಿಸಿ ಹೆಂಗಸರು ಸಾಮಾನು ತರಲಿಕ್ಕೆ ಹೊರಡುತ್ತಿದ್ದರು. ಈಗ ಸಾಮಾನೇ ಅವರಿದ್ದಲ್ಲಿಗೆ ಬರುತ್ತದೆ. ಡೀಸೆಲಿಗೆ ಮಾತ್ರ ನಾನು ಪಂಪಿಗೇ ಹೋಗಬೇಕು."

ಈ ಮಾತನ್ನು ನಾನು ಪೂರ್ತಿ ನಂಬಲಿಲ್ಲ. ಮನೆಗೊಂದು ಸ್ಕೂಟರು ಬಂದುದು ಬಸ್ಸಿಗೆ ಬಿದ್ದ ಮೊದಲ ಪೆಟ್ಟು. ಕೋವಿಡ್ ಕಾಲದಲ್ಲಿ ತಿಂಗಳುಗಟ್ಟಲೆ ಶೆಡ್ಡಿನಲ್ಲಿ ನಿಂತ ಬಸ್ಸುಗಳಲ್ಲಿ ಕೆಲವು ಮರಳಿ ರಸ್ತೆಗೆ ಇಳಿಯಲೇ ಇಲ್ಲ. ಡೀಸೆಲಿನ ಬೆಲೆಯ ಕಥೆಯನ್ನಂತೂ ಹೇಳಬೇಕಾಗಿಯೇ ಇಲ್ಲ. ಆದರೂ ಯಜಮಾನರ ಮಾತಿನಲ್ಲಿ ಒಂದು ಲೆಕ್ಕವಿತ್ತು, ಅದನ್ನು ಅವರು ಬಿಡಿಸಿ ಹೇಳಿದರು. ಬೆಳಗ್ಗೆ ಮತ್ತು ಸಂಜೆ ಬಸ್ಸು ತುಂಬುವುದು ವಿದ್ಯಾರ್ಥಿಗಳಿಂದ. ಅವರದು ರಿಯಾಯಿತಿ ದರ. ಅದರಿಂದ ಟಯರಿನ ಖರ್ಚೂ ಹುಟ್ಟದು. ಪೂರ್ತಿ ಟಿಕೆಟು ಕೊಟ್ಟು, ಹೋಗುವಾಗ ಖಾಲಿ ಚೀಲ, ಬರುವಾಗ ತುಂಬಿದ ಚೀಲ ಹಿಡಿದು ಕುಳಿತುಕೊಳ್ಳುತ್ತಿದ್ದವರು ನಡು ಹಗಲಿನ ಪ್ರಯಾಣಿಕರು. ಬಸ್ಸನ್ನು ಬದುಕಿಸಿದ್ದು ಆ ಚೀಲಗಳು.

ಕಳೆದ ತಿಂಗಳು ಅಕ್ಕನನ್ನು ಕಣ್ಣಿನ ಪರೀಕ್ಷೆಗೆಂದು ಮಂಗಳೂರಿಗೆ ಕರೆದುಕೊಂಡು ಹೋಗಬೇಕಾಗಿ ಬಂದಾಗ ಈ ಲೆಕ್ಕ ಮನಸ್ಸಿನಲ್ಲಿತ್ತು. ದಾರಿಯುದ್ದಕ್ಕೂ, ಪೇಟೆಯಲ್ಲಿಯೂ, ಯಾರು ಯಾವ ಕಾರಣಕ್ಕೆ ಹೊರಟಿದ್ದಾರೆ ಎಂಬುದನ್ನೇ ನೋಡುತ್ತ ಹೋದೆ.

ನಮ್ಮ ಕಡೆಯವರಿಗೆ ಮಂಗಳೂರು ಎಂದರೆ ಏನೆಂಬುದನ್ನು ಈ ಪತ್ರಿಕೆಯ ಓದುಗರಿಗೆ ವಿವರಿಸಬೇಕಾಗಿಲ್ಲ. ಸಣ್ಣ ಕೆಲಸಕ್ಕೆ ಬದಿಯಡ್ಕ, ಸರಕಾರಿ ಕೆಲಸಕ್ಕೆ ಕಾಸರಗೋಡು, ಉಳಿದ ಎಲ್ಲದಕ್ಕೂ ಮಂಗಳೂರು ಎಂದು ನನ್ನ ತಂದೆ ಹೇಳುತ್ತಿದ್ದರು. ಅವರ ಪ್ರಾಯದವರಿಗೆ ಮಂಗಳೂರು ಬರಿಯ ಪೇಟೆಯೂ ಆಗಿರಲಿಲ್ಲ, ಅದು ಜಿಲ್ಲೆಯ ಕೇಂದ್ರ. ಕಾಸರಗೋಡು ಆಗ ಮದರಾಸು ಪ್ರಾಂತದ ದಕ್ಷಿಣ ಕನ್ನಡ ಜಿಲ್ಲೆಯ ಒಂದು ತಾಲೂಕು. ರೈಲು 1907ರಲ್ಲಿ ಮಂಗಳೂರನ್ನು ಮುಟ್ಟಿದ ಮೇಲೆ ಕುಂಬಳೆಯಲ್ಲಿ ಹತ್ತಿ ನೇತ್ರಾವತಿ ದಾಟುವುದು ಒಂದು ಅಭ್ಯಾಸವಾಯಿತು. 1956ರ ನವೆಂಬರ್ 1ರ ಬಳಿಕ ನಮ್ಮ ಕಾಗದಪತ್ರಗಳು ದಕ್ಷಿಣಕ್ಕೆ ತಿರುಗಿದುವು. ಜಿಲ್ಲಾಧಿಕಾರಿಯನ್ನು ಕಾಣಬೇಕಾದರೆ ಕಣ್ಣೂರಿಗೆ ಹೋಗಬೇಕು. 1984ರಲ್ಲಿ ಕಾಸರಗೋಡು ಜಿಲ್ಲೆ ಆಗುವವರೆಗೂ ಅದೇ ಪಾಡು. ಕೈಚೀಲಗಳು ಮಾತ್ರ ಉತ್ತರಕ್ಕೇ ಹೋಗುತ್ತಿದ್ದುವು. ಮದುವೆಯ ಜವಳಿ, ಮಗುವಿನ ತೊಟ್ಟಿಲು, ಚಂಡೆಯ ಚರ್ಮ, ಶಾಲೆಯ ಪುಸ್ತಕ, ಕನ್ನಡಕ, ಔಷಧಿ, ಎಲ್ಲವೂ ಬಂದುದು ನೇತ್ರಾವತಿಯ ಆಚೆಯಿಂದ. ಯಾವ ಆಯೋಗವೂ ಎಣಿಸದ ಒಂದು ಗಡಿ ಹೀಗೆ ನಮ್ಮ ಚೀಲಗಳಲ್ಲಿ ಉಳಿದುಕೊಂಡಿತ್ತು.

ಏಳೂವರೆಯ ಬಸ್ಸು ಹಿಡಿದು ಬದಿಯಡ್ಕ, ಅಲ್ಲಿಂದ ನೀರ್ಚಾಲು, ಸೀತಾಂಗೋಳಿಯ ದಾರಿಯಾಗಿ ಕುಂಬಳೆಗೆ ಬಂದೆವು. ಅಕ್ಕನಿಗೆ ಎಪ್ಪತ್ತನಾಲ್ಕು. ಕಣ್ಣು ಮಂಜಾಗಿದ್ದರೂ ನಾಲಗೆ ಮಂಜಾಗಿಲ್ಲ. ಕುಂಬಳೆಯ ಸ್ಟೇಷನ್ನಿನಲ್ಲಿ ಬೆಂಚಿಗೆ ಕುಳಿತವಳೇ, "ಮೊದಲು ಇಲ್ಲಿ ಎಷ್ಟು ಜನ ಹೆಂಗಸರು ಇರುತ್ತಿದ್ದರು! ಈಗ ಎಲ್ಲ ಮಕ್ಕಳೇ" ಎಂದಳು. ಹೌದು, ರೈಲಿನಲ್ಲಿ ಹೆಚ್ಚಿನವರು ಕಾಲೇಜಿನ ಮಕ್ಕಳು, ನೌಕರರು, ಬಗಲಲ್ಲಿ ಎಕ್ಸ್‌ರೇಯ ದೊಡ್ಡ ಲಕೋಟೆ ಹಿಡಿದ ರೋಗಿಗಳು. ಶಿರಿಯ ಹೊಳೆಯ ಮೇಲೆ ರೈಲು ಹಾದಾಗ ಎಡಬದಿಯಲ್ಲಿ ಅಳಿವೆಯ ಬಿಳಿ ಬೆಳಕು ಕಾಣಿಸಿತು. ಉಪ್ಪಳದಲ್ಲಿ ಹತ್ತಿದ ಒಬ್ಬ ತಾಯಿ ಮತ್ತು ಮಗಳು ಎದುರಿಗೆ ಕುಳಿತರು. ಮಗಳ ಕೈಯಲ್ಲಿ ಕಂದು ಬಣ್ಣದ ಒಂದು ಪೊಟ್ಟಣ. ಮೊಬೈಲಿನಲ್ಲಿ ತರಿಸಿದ ಚೂಡಿದಾರದ ಅಳತೆ ಸರಿಯಾಗಿಲ್ಲ. ಹಿಂದೆ ಕಳುಹಿಸುವ ಅವಧಿಯೂ ದಾಟಿದೆ. ಅದನ್ನು ಬಿಡಿಸಿ ಹೊಲಿಸಲಿಕ್ಕೆ ಮಂಗಳೂರಿನ ಪರಿಚಯದ ಟೈಲರನ ಹತ್ತಿರ ಹೊರಟವರು ಅವರು. ಪ್ರಯಾಣ ತಪ್ಪಿಸಲೆಂದು ತರಿಸಿದ ಬಟ್ಟೆಯೇ ಅವರನ್ನು ಪ್ರಯಾಣಕ್ಕೆ ಹೊರಡಿಸಿತ್ತು.

ಈ ವಿಷಯದಲ್ಲಿ ಪಂಡಿತರು ಮಾತಾಡದೆ ಉಳಿದಿಲ್ಲ. ದೂರಸಂಪರ್ಕ ಬೆಳೆದರೆ ಜನರ ಓಡಾಟ ಕಡಿಮೆಯಾದೀತೇ ಎಂಬ ಪ್ರಶ್ನೆಯನ್ನು ಇಂಟರ್‌ನೆಟ್ಟು ಮನೆಮನೆಗೆ ಬರುವುದಕ್ಕೆ ಮೊದಲೇ, 1980ರ ದಶಕದಲ್ಲಿ, ಇಲಾನ್ ಸಾಲೊಮನ್ ಎಂಬವರು ಎತ್ತಿದ್ದರು. ಅಮೆರಿಕದ ಪೆಟ್ರಿಷಿಯಾ ಮೊಖ್ತರಿಯನ್ ಎಂಬ ವಿದುಷಿ ಇದೇ ವಿಚಾರದಲ್ಲಿ ದಶಕಗಳ ಕಾಲ ದುಡಿದವರು. ಇವರ ಮಟ್ಟಿಗೆ ನಾಲ್ಕು ಸಾಧ್ಯತೆಗಳುಂಟು: ಮನೆಯಲ್ಲಿ ಕುಳಿತು ಕೊಂಡದ್ದರಿಂದ ಪೇಟೆಯ ಒಂದು ಪ್ರಯಾಣ ತಪ್ಪಬಹುದು, ಅದರ ಬದಲಿಗೆ ಇನ್ನೊಂದು ಹೊಸ ಪ್ರಯಾಣ ಹುಟ್ಟಬಹುದು, ಪ್ರಯಾಣ ಉಳಿದು ಅದರ ಹೊತ್ತು, ದಾರಿ, ವಾಹನ ಬದಲಾಗಬಹುದು, ಅಥವಾ ಏನೂ ಆಗದಿರಬಹುದು. ಕೇಳಿದರೆ ನಗು ಬರುವಷ್ಟು ಸರಳ. ಆದರೆ ಒಂದೇ ರೈಲಿನ ಒಂದೇ ಬೋಗಿಯಲ್ಲಿ ನಾಲ್ಕೂ ಕುಳಿತಿರುತ್ತವೆ. ಉಪ್ಪಳದ ತಾಯಿ ಮಗಳು ಎರಡನೆಯದಕ್ಕೆ ಸಾಕ್ಷಿ. ನಮ್ಮ ಹನ್ನೊಂದು ಗಂಟೆಯ ಬಸ್ಸು ಮೊದಲನೆಯದಕ್ಕೆ.

ಪುಸ್ತಕದಲ್ಲಿ ಓದಿದ ಈ ವಿಚಾರಕ್ಕೂ ನಮ್ಮ ಬದುಕಿಗೂ ಒಂದು ಅಂತರವಿದೆಯೆಂದು ನನಗೆ ತೋರುತ್ತದೆ. ಪಶ್ಚಿಮ ದೇಶಗಳ ಅಧ್ಯಯನಗಳಲ್ಲಿ ಅಂಗಡಿಗೆ ಹೋಗುವವನು ಸಾಮಾನ್ಯವಾಗಿ ಸ್ವಂತ ಕಾರಿನಲ್ಲಿ ಹೋಗುವವನು. ಅಲ್ಲಿ ಐವತ್ತು ಮನೆಗಳ ಐವತ್ತು ಕಾರುಗಳು ನಿಂತು, ಒಂದು ವ್ಯಾನು ಐವತ್ತು ಪೊಟ್ಟಣಗಳನ್ನು ಹಂಚಿದರೆ ಎಣ್ಣೆಯೂ ಉಳಿಯಿತು, ರಸ್ತೆಯೂ ಬಿಡುವಾಯಿತು. ನಮ್ಮಲ್ಲಿ ಹೋಗುತ್ತಿದ್ದವರು ಬಸ್ಸಿನಲ್ಲಿ ಹೋಗುತ್ತಿದ್ದವರು. ಒಬ್ಬಾಕೆ ಹೋಗದಿದ್ದರೆ ಬಸ್ಸಿನ ಎಣ್ಣೆ ಒಂದು ತೊಟ್ಟೂ ಉಳಿಯದು. ಯಾರೂ ಹೋಗದಿದ್ದರೆ ಬಸ್ಸೇ ಇಲ್ಲ. ಅದರ ಬದಲಿಗೆ ಐದಾರು ಪೊಟ್ಟಣ ಹೊತ್ತ ಒಂದು ಮೋಟಾರು ಸೈಕಲು ಗುಡ್ಡ ಹತ್ತಿ ಇಳಿಯುತ್ತದೆ. ಇದರಲ್ಲಿ ಉಳಿತಾಯ ಎಲ್ಲಿದೆ? ಮನೆಯಲ್ಲಿ ಜನ ಇಲ್ಲದಿದ್ದರೆ ಅದೇ ಪೊಟ್ಟಣ ಮರುದಿನ ಪುನಃ ಗುಡ್ಡ ಹತ್ತಬೇಕು. ಅಳತೆ ತಪ್ಪಿದ್ದರೆ ಇಳಿದು ಹೋಗಲಿಕ್ಕೂ ಅದಕ್ಕೊಂದು ಪ್ರಯಾಣ.

ಇನ್ನೊಂದು ವಿಷಯ. ನಮ್ಮ ಪೇಟೆಯ ಪ್ರಯಾಣಗಳಿಗೆ ಒಂದೇ ಕಾರಣ ಎಂದೂ ಇರುತ್ತಿರಲಿಲ್ಲ. ವೈದ್ಯರನ್ನು ಕಾಣುವುದು, ಬರುವ ದಾರಿಯಲ್ಲಿ ರವಕೆಯ ಕಣ ತೆಗೆಯುವುದು, ಮಣ್ಣಗುಡ್ಡೆಯ ಚಿಕ್ಕಮ್ಮನನ್ನು ಮಾತಾಡಿಸುವುದು, ಮಕ್ಕಳಿದ್ದರೆ ಒಂದು ಗಡ್‌ಬಡ್ ಐಸ್‌ಕ್ರೀಮು: ನಾಲ್ಕು ಎಳೆ ಸೇರಿದರೆ ಒಂದು ಹಗ್ಗ. ಅದರಲ್ಲಿ ಒಂದೆಳೆ ಹರಿದರೆ ಹಗ್ಗ ಹರಿಯದು. ಮೂರು ಹರಿದರೆ ಉಳಿದ ಒಂದರ ಮೇಲೆ ಎಷ್ಟು ಭಾರ ಹಾಕಬಹುದು? ಚಿಕ್ಕಮ್ಮನ ಮನೆಗೆ ಹೋಗಿ ಬರುವುದಕ್ಕೆಂದೇ ನಮ್ಮ ಹೆಂಗಸರು ಹೊರಡುವುದಿಲ್ಲ. 'ಜವಳಿಗೆ ಹೋದವಳು ಹಾಗೆಯೇ ಹೋಗಿ ಬಂದೆ' ಎನ್ನುವ ಒಂದು ನೆಪ ಬೇಕು. ನೆಪ ಹೋದ ಮೇಲೆ ಚಿಕ್ಕಮ್ಮನನ್ನು ನೋಡುವುದು ವೀಡಿಯೋ ಕಾಲಿನಲ್ಲಿ.

ಮಂಗಳೂರಿನ ಸ್ಟೇಷನ್ನಿನಲ್ಲಿ ಇಳಿದು ಆಸ್ಪತ್ರೆಯ ಕೆಲಸ ಮುಗಿಸುವಾಗ ಹನ್ನೆರಡಾಯಿತು. ಆ ಭಾಗವನ್ನು ಬಿಡುತ್ತೇನೆ. ಆಸ್ಪತ್ರೆಯ ಸಾಲಿನಲ್ಲಿ ಕುಳಿತ ಅನುಭವ ಎಲ್ಲರಿಗೂ ಒಂದೇ. ಕಣ್ಣಿಗೆ ಮದ್ದು ಹಾಕಿದ್ದರಿಂದ ಅಕ್ಕನಿಗೆ ಎರಡು ಗಂಟೆ ಬೆಳಕು ನೋಡುವಂತಿರಲಿಲ್ಲ. ಅವಳನ್ನು ಕದ್ರಿಯ ಫ್ಲಾಟಿನಲ್ಲಿರುವ ಸೋದರ ಸೊಸೆಯ ಮನೆಯಲ್ಲಿ ಬಿಟ್ಟು ನಾನೊಬ್ಬನೇ ಪೇಟೆಗೆ ಇಳಿದೆ.

ಹಂಪನಕಟ್ಟೆ ಮೊದಲಿನಂತೆಯೇ ಗಿಜಿಗುಟ್ಟುತ್ತಿತ್ತು. ಕಂಡಕ್ಟರುಗಳ 'ಸ್ಟೇಟ್‌ಬ್ಯಾಂಕ್, ಸ್ಟೇಟ್‌ಬ್ಯಾಂಕ್' ಕೂಗೂ ಹಾಗೆಯೇ ಇದೆ. ಆದರೆ ನನ್ನ ಕಾಲುಗಳಿಗೆ ರೂಢಿಯಾದ ಸೆಂಟ್ರಲ್ ಮಾರ್ಕೆಟಿನ ಹಳೆಯ ಕಟ್ಟಡ ಇಲ್ಲ. 2020ರಲ್ಲಿ ಅದನ್ನು ಮುಚ್ಚಿ ಆ ಮೇಲೆ ಕೆಡವಿದರು. ಬಲ್ಮಠದ ಕಡೆಗೆ ಹೋದರೆ ಅತ್ರಿ ಬುಕ್ ಸೆಂಟರ್ ಇಲ್ಲ. ಜಿ. ಎನ್. ಅಶೋಕವರ್ಧನರು 1975ರಿಂದ ನಡೆಸಿದ ಆ ಪುಸ್ತಕದ ಅಂಗಡಿ 2012ರಲ್ಲಿ ಮುಚ್ಚಿತು. ನಾನು ಸಂಬಳ ಬಂದ ತಿಂಗಳ ಮೊದಲ ಶನಿವಾರ ಅಲ್ಲಿಗೆ ಹೋಗುತ್ತಿದ್ದೆ. ಹುಡುಕಿದ ಪುಸ್ತಕ ಸಿಗದೆ, ಹುಡುಕದ ಎರಡು ಪುಸ್ತಕ ಹಿಡಿದು ಬರುತ್ತಿದ್ದೆ. ಅದು ಮುಚ್ಚಿದ್ದನ್ನು ಆನ್‌ಲೈನ್ ವ್ಯಾಪಾರದ ತಲೆಗೆ ಕಟ್ಟುವುದು ನ್ಯಾಯವಲ್ಲ, ಮುಚ್ಚಿದವರಿಗೆ ಅವರದೇ ಕಾರಣಗಳಿದ್ದುವು. ನಾನು ಹೇಳುವುದು ನನ್ನ ಪ್ರಯಾಣದ ಮಾತು: ಅಂಗಡಿ ಮುಚ್ಚಿದ ಮೇಲೆ ನನ್ನ ಮೊದಲ ಶನಿವಾರ ಮುಚ್ಚಿತು. ಪುಸ್ತಕಗಳು ಈಗಲೂ ಬರುತ್ತವೆ, ಹಿಂದಿಗಿಂತ ಹೆಚ್ಚೇ ಬರುತ್ತವೆ. ನಾನು ಮಾತ್ರ ಹೋಗುವುದಿಲ್ಲ.

ಹಾಗೆ ನೋಡಿದರೆ ಅಂಚೆಯಲ್ಲಿ ಸಾಮಾನು ತರಿಸುವುದು ನಮಗೆ ಹೊಸತಲ್ಲ. ವಿ.ಪಿ.ಪಿ. ಎಂಬುದು ಗೊತ್ತಿದ್ದವರಿಗೆ ಇದರಲ್ಲಿ ಆಶ್ಚರ್ಯವೇನು? ಒಂದು ಕಾರ್ಡು ಬರೆದರೆ ಧಾರವಾಡದಿಂದಲೋ ಮೈಸೂರಿನಿಂದಲೋ ಪುಸ್ತಕ ಬಂದು ಅಂಚೆಯವನ ಕೈಯಲ್ಲಿ ನಿಲ್ಲುತ್ತಿತ್ತು. ಹಣ ಕೊಟ್ಟರೆ ಪುಸ್ತಕ. 2007ರಲ್ಲಿ ಬೆಂಗಳೂರಿನಲ್ಲಿ ಫ್ಲಿಪ್‌ಕಾರ್ಟ್ ಶುರುವಾದದ್ದೂ ಪುಸ್ತಕ ಮಾರುವುದರಿಂದಲೇ. ಸಾಮಾನು ಕೈಗೆ ಬಂದ ಮೇಲೆ ಹಣ ಎಂಬ ಏರ್ಪಾಡಿನಿಂದ ಜನರ ಹೆದರಿಕೆ ಹೋಯಿತು. 2016ರಲ್ಲಿ ಅಗ್ಗದ ಇಂಟರ್‌ನೆಟ್ಟೂ ಮೊಬೈಲಿನಿಂದ ಹಣ ಕೊಡುವ ಯು.ಪಿ.ಐ. ಕೂಡ ಬಂದು ದಾರಿ ಸಲೀಸಾಯಿತು. ಆದರೆ ನಮ್ಮ ಕಡೆಯವರನ್ನು ಈ ದಾರಿಗೆ ನಿಜವಾಗಿ ನೂಕಿದ್ದು 2020ರ ಮಾರ್ಚ್. ತಲಪಾಡಿಯಲ್ಲಿ ಮಣ್ಣು ಸುರಿದು ರಸ್ತೆ ಮುಚ್ಚಿದ್ದನ್ನು ನಮ್ಮಲ್ಲಿ ಯಾರೂ ಮರೆತಿರಲಾರರು. ಒಳದಾರಿಗಳಿಗೂ ಮಣ್ಣು ಬಿತ್ತು. ರೋಗಿಗಳನ್ನು ದಾಟಿಸಬೇಕೆಂಬ ವ್ಯಾಜ್ಯ ಕೇರಳದ ಹೈಕೋರ್ಟಿಗೂ ಅಲ್ಲಿಂದ ಸುಪ್ರೀಂ ಕೋರ್ಟಿಗೂ ಹೋಯಿತು. ಆಸ್ಪತ್ರೆಗೇ ದಾರಿ ಇಲ್ಲದ ದಿನಗಳಲ್ಲಿ ಜವಳಿಗೆ ದಾರಿ ಎಲ್ಲಿ? ಆಗ ಮೊಬೈಲು ಒತ್ತಲು ಕಲಿತ ಬೆರಳುಗಳು, ಮಣ್ಣು ತೆಗೆದ ಮೇಲೂ ಅದನ್ನು ಮರೆಯಲಿಲ್ಲ. ಗಡಿ ತೆರೆಯಿತು, ಅಭ್ಯಾಸ ತೆರೆಯಲಿಲ್ಲ.

ಕೆ. ಎಸ್. ರಾವ್ ರಸ್ತೆಯ ಒಂದು ಹಳೆಯ ಜವಳಿ ಅಂಗಡಿಗೆ ಹೊಕ್ಕೆ. ನನ್ನ ಮದುವೆಯ ಸೀರೆ ತೆಗೆದ ಅಂಗಡಿ. ಆಗಿನವರ ಮಗ ಈಗ ಗಲ್ಲೆಯಲ್ಲಿ. "ಬದಿಯಡ್ಕದವರಲ್ಲವಾ?" ಎಂದು ಮಾತಿನ ಧಾಟಿಯಿಂದಲೇ ಗುರುತಿಸಿ ಕುಳ್ಳಿರಿಸಿದರು. ನಾನು ಕೇಳುವ ಮೊದಲೇ ಅವರ ದೂರು ಹೊರಬಂತು. ಕೆಲವರು ಬಂದು ಸೀರೆ ಬಿಡಿಸಿ ಮುಟ್ಟಿ ನೋಡಿ, ಬೆಲೆಚೀಟಿಯ ಫೋಟೋ ಹಿಡಿದು ಹೋಗುತ್ತಾರೆ, ಕೊಳ್ಳುವುದು ಮೊಬೈಲಿನಲ್ಲಿ. ಇನ್ನು ಕೆಲವರು ಮೊಬೈಲಿನಲ್ಲಿ ಒಂದು ಚಿತ್ರ ತೋರಿಸಿ, "ಇದೇ ಬೇಕು, ಮುಟ್ಟಿ ನೋಡಿಯೇ ತೆಗೆಯುವುದು" ಎನ್ನುತ್ತಾರೆ. "ಮೊದಲನೆಯವರಿಂದ ಆದ ನಷ್ಟವನ್ನು ಎರಡನೆಯವರು ಸ್ವಲ್ಪ ತುಂಬಿಸುತ್ತಾರೆ. ಮದುವೆಯ ಜವಳಿ ಮಾತ್ರ ಹೋಗಲಿಲ್ಲ, ದೇವರ ದಯ" ಎಂದರು.

ಅದು ನಿಜ. ನಾನು ಕುಳಿತಿದ್ದಾಗಲೇ ಸುಳ್ಯದ ಕಡೆಯ ಒಂದು ತಂಡ ಬಂತು. ಹನ್ನೆರಡು ಜನ, ಅಜ್ಜಿಯಿಂದ ಹಿಡಿದು ಕಂಕುಳಿನ ಕೂಸಿನ ತನಕ. ವ್ಯಾನು ಮಾಡಿಕೊಂಡು ಬಂದವರು. ಸೀರೆಯನ್ನು ಮದುಮಗಳ ಹೆಗಲಿಗೆ ಹಾಕುವುದು, ಅತ್ತೆಯಾಗುವವರ ಮುಖ ನೋಡುವುದು, ಸೋದರತ್ತೆ ಮೂಗು ಮುರಿಯುವುದು, ಆ ಮೇಲೆ ಎಲ್ಲರೂ ಹೋಟೆಲಿಗೆ ನಡೆಯುವುದು: ಈ ಕಲಾಪವನ್ನು ಪೊಟ್ಟಣದಲ್ಲಿ ಕಟ್ಟಿ ಕಳುಹಿಸುವವರು ಇನ್ನೂ ಹುಟ್ಟಿಲ್ಲ. ಹೀಗೆ ದೊಡ್ಡ ಪ್ರಯಾಣ ಉಳಿಯಿತು, ಅದಕ್ಕೆ ವ್ಯಾನು ಉಂಟು. ಹೋದದ್ದು ಸಣ್ಣ ಪ್ರಯಾಣ, ಒಂದು ರವಕೆಕಣ, ಎರಡು ಪಾತ್ರೆ, ಒಂದು ಟಾರ್ಚಿನದು. ಬಸ್ಸು ನಡೆದದ್ದು ಈ ಸಣ್ಣ ಪ್ರಯಾಣಗಳಿಂದ.

ಅಂಗಡಿಯಿಂದ ಹೊರಬಂದರೆ ರಸ್ತೆಯ ಅಂಚಿನಲ್ಲಿ, ಹೋಟೆಲುಗಳ ಎದುರಿಗೆ, ಬೆನ್ನಿಗೆ ಚೌಕದ ಚೀಲ ಕಟ್ಟಿದ ಹುಡುಗರು ಮೋಟಾರು ಸೈಕಲಿನ ಮೇಲೆ ಅಡ್ಡಡ್ಡ ಕುಳಿತು ಮೊಬೈಲು ನೋಡುತ್ತಿದ್ದರು. ಒಬ್ಬೊಬ್ಬರ ಮೊಬೈಲು ಕೂಗಿದಂತೆ ಒಬ್ಬೊಬ್ಬರು ಏಳುತ್ತಿದ್ದರು. ಹಿಂದೆ ಉಣ್ಣುವವರು ಹೋಟೆಲಿಗೆ ಬರುತ್ತಿದ್ದರು. ಅವರ ಬದಲಿಗೆ ಈಗ ಇವರು ಬರುತ್ತಾರೆ, ಇವರು ಹೋಗುತ್ತಾರೆ. ರಸ್ತೆಯ ಮೇಲಿನ ಚಕ್ರಗಳ ಸಂಖ್ಯೆ ಕಡಿಮೆಯಾದುದು ನನಗಂತೂ ಕಾಣಿಸಲಿಲ್ಲ.

ಕದ್ರಿಯ ಫ್ಲಾಟಿಗೆ ಮರಳಿದಾಗ ಕೆಳಗೆ ಕಾವಲಿನವನ ಮೇಜಿನ ಮೇಲೆ, ಮೇಜು ಸಾಲದೆ ನೆಲದ ಮೇಲೆ, ಪೊಟ್ಟಣಗಳ ರಾಶಿ. ಅಕ್ಕಿ, ಬೇಳೆ, ಸಾಬೂನು, ಮಗುವಿನ ಚಡ್ಡಿ ಎಲ್ಲವೂ ಹೀಗೆಯೇ ಬರುವುದೆಂದು ಸೊಸೆ ಹೇಳಿದಳು. "ಹಾಗಾದರೆ ನೀವು ಹೊರಗೆ ಹೋಗುವುದೇ ಇಲ್ಲವೋ?" ಎಂದು ಕೇಳಿದೆ. ಅವಳು ನಕ್ಕಳು. "ಅಂಗಡಿಗೆ ಹೋಗುವುದು ನಿಂತಿದೆ ಮಾವ, ತಿರುಗುವುದು ನಿಂತಿಲ್ಲ. ಸಂಜೆ ಮಕ್ಕಳನ್ನು ಕರೆದುಕೊಂಡು ಪಣಂಬೂರಿಗೆ ಹೋಗುತ್ತೇವೆ, ಇಲ್ಲದಿದ್ದರೆ ಮಾಲಿಗೆ." ಮಾಲಿನಲ್ಲಿ ಏನು ತೆಗೆಯುತ್ತೀರಿ ಎಂದರೆ, "ಏನೂ ಇಲ್ಲ, ಸುಮ್ಮನೆ" ಎಂದಳು.

1970ರ ದಶಕದಲ್ಲಿ ಯಾಕೊವ್ ಜಹಾವಿ ಎಂಬ ಸಾರಿಗೆ ತಜ್ಞರು ಒಂದು ಮಾತು ಹೇಳಿದ್ದರು. ಮನುಷ್ಯನು ಓಡಾಟಕ್ಕೆಂದು ದಿನಕ್ಕೆ ಸುಮಾರು ಒಂದು ಗಂಟೆಯಷ್ಟು ಹೊತ್ತನ್ನು ಹೇಗಾದರೂ ವ್ಯಯಿಸುತ್ತಾನೆ. ವಾಹನ ವೇಗವಾದರೆ ಹೊತ್ತು ಉಳಿಸುವುದಿಲ್ಲ, ಇನ್ನೂ ದೂರ ಹೋಗುತ್ತಾನೆ. ಈ ಲೆಕ್ಕವನ್ನು ಎಲ್ಲರೂ ಒಪ್ಪುವುದಿಲ್ಲವಾದರೂ, ಸೊಸೆಯ ಮನೆಯನ್ನು ನೋಡಿದರೆ ಅವರ ಮಾತಿನಲ್ಲಿ ಹುರುಳಿದೆ. ಅಂಗಡಿಯಲ್ಲಿ ಉಳಿದ ಹೊತ್ತು ಪಣಂಬೂರಿನ ದಾರಿಯಲ್ಲಿ ಖರ್ಚಾಗುತ್ತದೆ. ಮೊದಲು ನಡೆದು ಹೋಗಬಹುದಾದ ಅಂಗಡಿ. ಈಗ ಕಾರಿನಲ್ಲಿ ಹೋಗುವ ಕಡಲು. ಅವಳಿಗೆ ಇದು ಲಾಭವೇ ಸರಿ. ಬೇಳೆಯ ಸಾಲಿನಲ್ಲಿ ನಿಲ್ಲುವುದಕ್ಕಿಂತ ಮಕ್ಕಳೊಡನೆ ಮರಳಿನಲ್ಲಿ ಕುಳಿತುಕೊಳ್ಳುವುದು ಮೇಲಲ್ಲವೆಂದು ನಾನು ಹೇಗೆ ಹೇಳಲಿ? ನಗರದವರಿಗೆ ಸುಮ್ಮನೆ ತಿರುಗಲಿಕ್ಕೆ ಕಾರೂ ಉಂಟು, ಜಾಗವೂ ಉಂಟು. ನಮ್ಮೂರಿನವರಿಗೆ ನೆಪ ಹೋದರೆ ಬಸ್ಸೂ ಹೋಗುತ್ತದೆ, ಬಸ್ಸು ಹೋದರೆ ಜಾಗವೂ ಹೋಗುತ್ತದೆ.

ಈಗ ನಮ್ಮೂರಿನ ಪೊಟ್ಟಣಗಳ ಕಥೆ. ಅವು ಮನೆಗೆ ಬರುತ್ತವೆ ಎಂದೆನಷ್ಟೆ, ಪೂರ್ತಿ ನಿಜವಲ್ಲ. ಹೆಚ್ಚಿನವು ಮೂರುದಾರಿ ಕೂಡುವಲ್ಲಿರುವ ಜಿನಸಿನ ಅಂಗಡಿಯವರೆಗೆ ಬರುತ್ತವೆ. ತೋಟದ ಕೆಳಗಿನ ಮನೆಗಳಿಗೆ ಮೋಟಾರು ಸೈಕಲು ಇಳಿಯುವುದಿಲ್ಲ, ಮಳೆಗಾಲದಲ್ಲಂತೂ ಕೇಳುವುದೇ ಬೇಡ. ಅಂಗಡಿಯವರು ಎಲ್ಲರ ಪೊಟ್ಟಣಗಳನ್ನೂ ಉಪ್ಪಿನ ಗೋಣಿಯ ಮೇಲೆ ಜೋಡಿಸಿ ಇಡುತ್ತಾರೆ. ತಮ್ಮ ವ್ಯಾಪಾರವನ್ನು ತಿನ್ನುವ ಪೊಟ್ಟಣಗಳಿಗೆ ತಾವೇ ಕಾವಲು. "ಏನು ಮಾಡುವುದು ಮಾಷ್ಟ್ರೇ, ಪೊಟ್ಟಣ ಕೊಂಡುಹೋಗಲಿಕ್ಕೆ ಬಂದವರು ಒಂದು ಬೆಂಕಿಪೆಟ್ಟಿಗೆಯಾದರೂ ತೆಗೆಯುತ್ತಾರೆ" ಎನ್ನುತ್ತಾರೆ. ಸಂಜೆ ಅಲ್ಲಿ ನಾಲ್ಕು ಜನ ಸೇರುತ್ತಾರೆ. ಹನ್ನೊಂದು ಗಂಟೆಯ ಬಸ್ಸಿನಲ್ಲಿ ಕೇಳುತ್ತಿದ್ದ ಊರಿನ ವಾರ್ತೆ ಈಗ ಅಲ್ಲಿ ಕೇಳಬಹುದು. ಆದರೆ ಬರುವವರು ಗಂಡಸರು ಮತ್ತು ಮಕ್ಕಳು. ಹೆಂಗಸರು ಮೂರುದಾರಿಯಲ್ಲಿ ನಿಂತು ಮಾತಾಡುವ ಪದ್ಧತಿ ನಮ್ಮಲ್ಲಿಲ್ಲ. ಅವರ ಕಟ್ಟೆ ಬಸ್ಸಿನ ಮುಂದಿನ ಸೀಟುಗಳಾಗಿದ್ದುವು.

ಪೊಟ್ಟಣ ತರುವ ಹುಡುಗ ನಮ್ಮ ಪಕ್ಕದ ಊರಿನವನೇ, ಪದವೀಧರ. ದಿನಕ್ಕೆ ತೊಂಬತ್ತು ಕಿಲೋಮೀಟರು ಬಿಡುತ್ತೇನೆ ಎಂದ. ಮನೆಯಲ್ಲಿ ತುಳು, ನನ್ನೊಡನೆ ಕನ್ನಡ. ಇವನು ರಜೆ ಹಾಕಿದ ದಿನ ಬೇರೊಬ್ಬನು ಫೋನು ಮಾಡಿ ಮಲಯಾಳದಲ್ಲಿ ದಾರಿ ಕೇಳುತ್ತಾನೆ. ನಾನು ಹೇಳಬಲ್ಲೆ, ಅಕ್ಕ ಹೇಳಲಾರಳು, ಫೋನು ನನ್ನ ಕೈಗೆ ಕೊಡುತ್ತಾಳೆ. ಕೊಳ್ಳುವ ಆ್ಯಪುಗಳು 2020ರಿಂದ ಕನ್ನಡದಲ್ಲೂ ಸಿಗುತ್ತವೆಂಬುದನ್ನು ಇಲ್ಲಿ ಹೇಳದಿದ್ದರೆ ತಪ್ಪಾದೀತು. ಅದರ ಕನ್ನಡ ಯಂತ್ರದ ಕನ್ನಡವಾದರೂ ಓದಲು ಬರುತ್ತದೆ. ಆದರೆ ಅಂಗಡಿಯ ಕನ್ನಡವೇ ಬೇರೆ. "ಬದಿಯಡ್ಕದವರಲ್ಲವಾ?" ಎಂದು ಯಾವ ಆ್ಯಪೂ ಕೇಳಲಾರದು.

ಒಮ್ಮೆ ಬೆಂಗಳೂರಿನಲ್ಲಿ ಅಚ್ಚಾದ ಒಂದು ಕನ್ನಡ ಪುಸ್ತಕವನ್ನು ಮಗಳು ಅಲ್ಲಿಂದಲೇ ನನ್ನ ವಿಳಾಸಕ್ಕೆ ತರಿಸಿಕೊಟ್ಟಳು. ಅದು ಎಲ್ಲಿ ತಲುಪಿತೆಂದು ಮೊಬೈಲಿನಲ್ಲಿ ದಿನಾ ನೋಡುತ್ತಿದ್ದೆ. ಬೆಂಗಳೂರಿನಿಂದ ಹೊರಟ ಪುಸ್ತಕ ಮಂಗಳೂರಿನ ಹೆಸರನ್ನೇ ಎತ್ತದೆ ಕೊಚ್ಚಿಗೆ ಹೋಯಿತು, ಕೋಝಿಕ್ಕೋಡಿಗೆ ಬಂತು, ಕಣ್ಣೂರಿನಲ್ಲಿ ಎರಡು ದಿನ ಮಲಗಿತು, ಆ ಮೇಲೆ ಚಂದ್ರಗಿರಿ ದಾಟಿ ಕಾಸರಗೋಡಿಗೆ ಬಂತು. ಕಾರಣ ವಿಳಾಸದ ಕೊನೆಯ ಆರು ಅಂಕೆಗಳಲ್ಲಿದೆ. 1972ರಲ್ಲಿ ಅಂಚೆ ಇಲಾಖೆ ಪಿನ್‌ಕೋಡು ತಂದಾಗ ಕರ್ನಾಟಕ ಐದನೆಯ ವಲಯಕ್ಕೂ ಕೇರಳ ಆರನೆಯದಕ್ಕೂ ಸೇರಿದುವು. ಮಂಗಳೂರು 575ರಿಂದ ಶುರು, ನಾವು 671ರಿಂದ. ಮನುಷ್ಯನಾದರೆ ಕುಂಬಳೆಯಲ್ಲಿ ರೈಲು ಹತ್ತಿ ಆರರಿಂದ ಐದಕ್ಕೆ ಗೊತ್ತೇ ಆಗದಂತೆ ದಾಟುತ್ತಾನೆ. ಪೊಟ್ಟಣಕ್ಕೆ ಆ ಸ್ವಾತಂತ್ರ್ಯವಿಲ್ಲ. ಕಾಗದಪತ್ರಗಳು ದಕ್ಷಿಣಕ್ಕೆ ತಿರುಗಿ ಅರುವತ್ತಕ್ಕೂ ಹೆಚ್ಚು ವರ್ಷಗಳಾದ ಮೇಲೆ, ನಮ್ಮ ಸಾಮಾನುಗಳೂ ದಕ್ಷಿಣದಿಂದ ಬರತೊಡಗಿವೆ. ಇದನ್ನು ಯಾರೂ ಆಜ್ಞೆ ಮಾಡಿ ಮಾಡಿದ್ದಲ್ಲ. ನಾವೇ ಒಬ್ಬೊಬ್ಬರಾಗಿ ಬೆರಳಿನಿಂದ ಒತ್ತಿ ಮಾಡಿಕೊಂಡದ್ದು. ನಾನೂ ಒತ್ತಿದವನೇ.

ಒತ್ತಬಾರದೆಂದು ಹೇಳುವ ಧೈರ್ಯ ನನಗಿಲ್ಲ. ನಮ್ಮ ಮನೆಯ ಮೇಲಿನ ಗುಡ್ಡೆಯಲ್ಲಿ ಒಬ್ಬರೇ ಇರುವ ಒಬ್ಬ ಅಮ್ಮ ಇದ್ದಾರೆ. ಮೊಣಕಾಲು ನೋವು, ಮಕ್ಕಳು ಕೊಲ್ಲಿಯಲ್ಲಿ. ಅವರಿಗೆ ಸಕ್ಕರೆ ಕಾಯಿಲೆಯ ಔಷಧಿ, ಕಾಲಿನ ಪಟ್ಟಿ, ನೀರು ಕಾಯಿಸುವ ಪಾತ್ರೆ ಎಲ್ಲವೂ ಪೊಟ್ಟಣದಲ್ಲಿ ಬರುತ್ತವೆ. ಅವರ ಪೊಟ್ಟಣವನ್ನು ಮಾತ್ರ ಆ ಹುಡುಗ ಮೂರುದಾರಿಯಲ್ಲಿ ಇಡದೆ, ಗುಡ್ಡೆ ಹತ್ತಿ ಕೊಟ್ಟು ಬರುತ್ತಾನೆ; ಒಂದು ಲೋಟ ಮಜ್ಜಿಗೆ ಕುಡಿಯದೆ ಇಳಿಯಲು ಅವರು ಬಿಡುವುದಿಲ್ಲ. ಆದರೆ ಅವರು ಮಂಗಳೂರಿನ ವೈದ್ಯರನ್ನು ಕಾಣಲು ಹೋಗಬೇಕಾದ ದಿನ ಔಷಧಿಯ ಪೊಟ್ಟಣ ಸಹಾಯಕ್ಕೆ ಬಾರದು. ಹನ್ನೊಂದು ಗಂಟೆಯ ಬಸ್ಸಿಲ್ಲ. ಏಳೂವರೆಗೆ ಹೊರಡಲು ಮೊಣಕಾಲು ಏಳುವುದಿಲ್ಲ. ಬದಿಯಡ್ಕಕ್ಕೆ ಆಟೋ ಮಾಡಿದರೆ ಹೋಗಿ ಬರಲು ಐನೂರು ರೂಪಾಯಿ. ಪೇಟೆಗೆ ಹೋಗಲೇಬೇಕಾದವರನ್ನು ಹೊತ್ತದ್ದು, ಹೋದರೂ ಆದೀತು ಬಿಟ್ಟರೂ ಆದೀತು ಎನ್ನುವವರು ಕೊಟ್ಟ ಟಿಕೆಟಿನ ಹಣ.

ಇತ್ತ ಹೆದ್ದಾರಿ ಮಾತ್ರ ಅಗಲವಾಗಿದೆ. ತಲಪಾಡಿಯಿಂದ ಚೆಂಗಳದವರೆಗಿನ ಮೂವತ್ತೊಂಬತ್ತು ಕಿಲೋಮೀಟರಿನಲ್ಲಿ ಆರು ಪಥದ ರಸ್ತೆ. ಕಾಸರಗೋಡು ಪೇಟೆಯ ನೆತ್ತಿಯ ಮೇಲೆ ಒಂಟಿ ಕಂಬಗಳ ಮೇಲ್ಸೇತುವೆ. ಅಗಲ ಮಾಡುವಾಗ ರಸ್ತೆಯ ಅಂಚಿನ ಎಷ್ಟೋ ಅಂಗಡಿಗಳು ಹೋದುವು. ಈಗ ಪೊಟ್ಟಣದ ಲಾರಿಗಳು ಅದರ ಮೇಲೆ ಬೇಗ ಬರುತ್ತವೆ. ಈಚೆ ಬದಿಯಿಂದ ಆಚೆ ಬದಿಯ ಅಂಗಡಿಗೆ ಹೋಗಬೇಕಾದ ಮುದುಕರು ಅಡಿಯ ದಾರಿ ಎಲ್ಲಿದೆಯೆಂದು ಹುಡುಕುತ್ತ ನಡೆಯುತ್ತಾರೆ.

ನಾಲ್ಕು ಗಂಟೆಯ ಹೊತ್ತಿಗೆ ಅಕ್ಕನ ಕಣ್ಣು ಬೆಳಕಿಗೆ ಹೊಂದಿಕೊಂಡಿತು. ಹೊರಟೆವು. ಸ್ಟೇಷನ್ನಿಗೆ ಹೋಗುವ ದಾರಿಯಲ್ಲಿ ಅವಳು, "ಅಷ್ಟು ದೂರ ಬಂದು ಏನೂ ತೆಗೆಯದೆ ಹೋಗುವುದೋ?" ಎಂದು ಅಸಮಾಧಾನಪಟ್ಟಳು. ಮೊಮ್ಮಗಳ ಲಂಗಕ್ಕೆ ಬಟ್ಟೆ ಬೇಕಂತೆ. ಮೊಬೈಲಿನಲ್ಲಿ ತರಿಸಬಹುದಲ್ಲ ಎಂದೆ. "ಆ ಬಣ್ಣ ಚಿತ್ರದಲ್ಲಿ ಒಂದು, ಬಂದ ಮೇಲೆ ಒಂದು. ನನಗೆ ಮೊದಲೇ ಕಣ್ಣು ಕಾಣುವುದಿಲ್ಲ, ಕೈಯಲ್ಲಾದರೂ ನೋಡಬೇಡವೋ?" ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಆದರೆ ರೈಲಿಗೆ ಇಪ್ಪತ್ತು ನಿಮಿಷ ಮಾತ್ರ ಇತ್ತು. ಅದು ತಪ್ಪಿದರೆ ಕುಂಬಳೆಯಿಂದ ಬದಿಯಡ್ಕಕ್ಕೆ ಬಸ್ಸು ಸಿಕ್ಕೀತು, ಅಲ್ಲಿಂದ ಊರಿಗೆ ಏನೂ ಸಿಗದು. ರೈಲು ಹತ್ತಿದೆವು. ಅಷ್ಟಾಗಿಯೂ ರೈಲು ಉಳ್ಳಾಲದಲ್ಲಿ ಇನ್ನೊಂದಕ್ಕೆ ದಾರಿ ಬಿಡಲು ಬಹಳ ಹೊತ್ತು ನಿಂತು, ಬದಿಯಡ್ಕ ಮುಟ್ಟುವಾಗ ಕತ್ತಲಾಗಿತ್ತು. ಆಟೋದವನು ಇನ್ನೂರೈವತ್ತು ಕೇಳಿದ, ಕೊಟ್ಟೆ.

ಮೂರುದಾರಿಯಲ್ಲಿ ಆಟೋ ನಿಲ್ಲಿಸಿ ಅಂಗಡಿಯವರು ಒಂದು ಪೊಟ್ಟಣವನ್ನು ಒಳಗೆ ಚಾಚಿದರು. ಮಗಳು ಕಳುಹಿಸಿದ್ದು, ಏನೆಂದು ಗೊತ್ತಿಲ್ಲ. ಅಕ್ಕ ಅದನ್ನು ಮಡಿಲಲ್ಲಿ ಇಟ್ಟುಕೊಂಡು ತಡವಿ ನೋಡಿದಳು. ಮತ್ತೆ, "ಒಂದು ತಿಂಗಳು ಬಿಟ್ಟು ಪುನಃ ಬರಲಿಕ್ಕೆ ಡಾಕ್ಟರು ಹೇಳಿದ್ದಾರಲ್ಲ, ಆಗ ಸ್ವಲ್ಪ ಬೇಗ ಹೊರಡುವಾ. ಲಂಗದ ಬಟ್ಟೆ ಒಂದು ನೋಡಬೇಕು" ಎಂದಳು.